ಅಣ್ಣನ ಗುಡ್ಡ

ಅಲೌತ್ರ ಸರೋವರದ ಮೇಲಿಂದ
ಮಂಜು ಇನ್ನೂ ಎದ್ದಿರಲಿಲ್ಲ,
ತ್ಸಾರಲಾಝಾ ಗುಡ್ಡ ಇಳಿದು ಬಂದ.
ಬರಿಗಾಲು, ಹೆಗಲಿಗೆ ಉದ್ದ ಮೂತಿಯ ಸಲಿಕೆ,
ತಲೆಗೆ ಅಪ್ಪನ ಹುಲ್ಲುಟೋಪಿ.

ಕೂರು ಅಂದೆ. ಕೂರಲಿಲ್ಲ.
ತಳ ಹಿಡಿದ ಅನ್ನದ ಪಾತ್ರೆಗೆ ನೀರು ಹುಯ್ದು
ಕುದಿಸಿದ್ದು ಕೊಟ್ಟೆ. ಕುಡಿದ.
ಲೋಟ ಕೆಳಗಿಟ್ಟು, ನನ್ನ ಕಡೆ ನೋಡದೆ,
"ಅದು ನನ್ನದು" ಅಂದ.

ಯಾವುದು?

"ಆ ಮೂರು ಮಡಿ. ಕೆಂಪಗೆ ಕಾಣುತ್ತಲ್ಲ.
ಅದು ನನ್ನ ಗುಡ್ಡ."

ಸುಳ್ಳೇನಲ್ಲ.
ಹನ್ನೊಂದು ಮಳೆಗಾಲದ ಹಿಂದೆ ಆ ಗುಡ್ಡದ ಪಕ್ಕೆಯಲ್ಲಿ
ಕೋಳಿ ಕಾವು ಕೂರುವಷ್ಟು ಒಂದು ಬಾಯಿ ತೆರೆಯಿತು.
ನಮ್ಮ ಮಾತಿನಲ್ಲಿ ಲವಾಕ. ಬರೀ ತೂತು ಅಂತ ಅರ್ಥ.
ಅದು ಮೇಲಿಂದ ಕೊರೆಯುವ ಜಾತಿಯದಲ್ಲ.
ಇಂಗಿದ ನೀರು ಒಳಗೊಳಗೇ ದಾರಿ ಹುಡುಕಿ
ಬುಡದಲ್ಲಿ ಹೊರಡುತ್ತದೆ.
ಬುಡ ಹೋದದ್ದು ಮೇಲಿನ ಹುಲ್ಲಿಗೆ
ಎಷ್ಟೋ ದಿನ ಗೊತ್ತೇ ಇರುವುದಿಲ್ಲ.
ಆಮೇಲೊಂದು ರಾತ್ರಿ, ಧಸಕ್.

ಮರುವರ್ಷ ಅದರೊಳಗೆ ಎತ್ತು ಬಿತ್ತು.
ಆಮೇಲೆ ಬೇಲಿ, ಮರಗೆಣಸಿನ ಪಾತಿ,
ಅತ್ತಿಗೆ ಬಟ್ಟೆ ಹರವುತ್ತಿದ್ದ ದುಂಡು ಬಂಡೆ.
ಈಗ ಹಿರಿಯರು ಮಲಗಿರುವ ಕಲ್ಲುಮನೆಗೆ
ಹದಿನಾಲ್ಕು ಹೆಜ್ಜೆ.
ಪ್ರತಿ ಭಾನುವಾರ ಅವನೇ ಎಣಿಸುತ್ತಾನೆ.

ಚಿಕ್ಕವರಿದ್ದಾಗ, ದಾರಿಗೆಂದು ಗುಡ್ಡ ಕಡಿದ ಕಡೆ
ಇಬ್ಬರೂ ಬೆರಳು ತೂರಿಸಿ ಆಡುತ್ತಿದ್ದೆವು.
ಕಲ್ಲಿನ ಚಹರೆಯೆಲ್ಲ ಇದ್ದ ಹಾಗೇ ಇತ್ತು,
ಬಿಳಿ ನರ, ಕರಿ ಚುಕ್ಕೆ, ಕಾಗೆಬಂಗಾರದ ಮಿಣುಕು.
ಹೆಬ್ಬೆರಳು ಒತ್ತಿದರೆ ಮಾತ್ರ
ನೀರು ತಾಗಿದ ಬೆಲ್ಲದ ಹಾಗೆ ಒಳಕ್ಕೆ ಹೋಗುತ್ತಿತ್ತು.
"ಕಲ್ಲು ಎಂದೋ ಹೋಯಿತು, ಮುಖ ಬಿಟ್ಟು ಹೋಗಿದೆ"
ಅನ್ನುತ್ತಿದ್ದಳು ಅಜ್ಜಿ.
ಎಷ್ಟು ಕಾಲ ಹಿಡಿಯಿತಜ್ಜಿ?
"ಅವಸರವಿಲ್ಲದವರ ಹತ್ತಿರ ಲೆಕ್ಕ ಕೇಳಬಾರದು.
ಒಂದೊಂದು ಹನಿಯಲ್ಲೂ ಚೂರು ಹುಳಿ ಇರುತ್ತದೆ,
ನಿನ್ನ ನಾಲಿಗೆಗೆ ಸಿಗುವಷ್ಟಲ್ಲ,
ಕಲ್ಲಿಗೆ ಸಾಕಾಗುವಷ್ಟು."
ಹಾಗೆ ಬಂಡೆ ಜೇಡಿಯಾಯಿತು,
ಅದರ ಕಬ್ಬಿಣ ತುಕ್ಕು ಹಿಡಿದು ಗುಡ್ಡ ಕೆಂಪಾಯಿತು.
ಬಿಳಿ ಹರಳೊಂದು ಮಾತ್ರ ಯಾವುದಕ್ಕೂ ಬಗ್ಗದೆ
ಮರಳಾಗಿ ಉಳಿಯಿತು, ನಮ್ಮ ದೊಡ್ಡತ್ತೆಯ ಹಾಗೆ.

ಇದನ್ನೆಲ್ಲ ಅಣ್ಣನಿಗೆ ಹೇಳಲಿಲ್ಲ.
ಹೇಳಿದ್ದು ಇಷ್ಟು:
ಮೊದಲು ಬಂದದ್ದು ನಿನ್ನ ಮರಳು. ಮೊಣಕಾಲುದ್ದ.
ಎರಡು ವರ್ಷ ಒಂದು ತೆನೆ ಕಾಣಲಿಲ್ಲ ನಾನು.
ನಾನೂ ಮಗಳೂ ಬುಟ್ಟಿಬುಟ್ಟಿ ಹೊತ್ತು ಹಾಕಿದೆವು.
ಅದೂ ನಿನ್ನದೇ ತಾನೆ, ಹೊತ್ತ ಕೂಲಿ ಕೊಡು.
ಈ ನುಣ್ಣನೆಯ ಗೋಡು ಬಂದದ್ದು ಆಮೇಲೆ.
ಬೇಕೋ? ಬುಟ್ಟಿ ಅಲ್ಲೇ ಇದೆ.
ಹೊತ್ತುಕೊಂಡು ಹೋಗಿ ಮತ್ತೆ ಗುಡ್ಡ ಮಾಡಿಕೋ.

ಗದ್ದೆಗಿಳಿದ.
ಒಂದು ಹಿಡಿ ಎತ್ತಿ ಹಿಂಡಿದ, ಮೂಸಿದ.
ಬೆರಳ ಸಂದಿಯಲ್ಲಿ ಕಾಗೆಬಂಗಾರದ ಒಂದು ಚೂರು.
ಒರೆಸಿಕೊಳ್ಳಲಿಲ್ಲ.
ತುಂಬ ಹೊತ್ತಿನ ಮೇಲೆ, ಸಣ್ಣ ದನಿಯಲ್ಲಿ,
"ಕಲ್ಲುಮನೆ ಜಾರಿದರೆ, ವುಲಹಾಂತ?"

ಜಾರಲಿ ಅಂದೆ.
ನನ್ನ ಮದುವೆಯಾಗಿ ಇಪ್ಪತ್ತಾರು ವರ್ಷ.
ಇದ್ದಷ್ಟು ದಿನ ಅಪ್ಪ
ಒಂದು ಸಲವೂ ಈ ಹೊಸಿಲು ತುಳಿಯಲಿಲ್ಲ.
ಹೀಗಾದರೂ ಬರಲಿ.

ನಗುತ್ತಾನೆ ಅಂದುಕೊಂಡಿದ್ದೆ.
ಟೋಪಿ ತೆಗೆದು ಬದುವಿನ ಮೇಲಿಟ್ಟು
ಒಡೆದಿದ್ದ ಕಡೆಗೆಲ್ಲ ಸಲಿಕೆಯಿಂದ ಮಣ್ಣು ಮೆತ್ತಿದ,
ಅವನದೇ ಮಣ್ಣು, ಬಿಸಿಲು ನೆತ್ತಿಗೆ ಬರುವ ತನಕ.
ಹೋಗುವಾಗ ಬುಟ್ಟಿ ಒಯ್ಯಲಿಲ್ಲ.

ಮುಂದಿನ ಭಾನುವಾರ ಅವನ ಕಿರಿಮಗ ಓಡಿ ಬಂದು,
ಏದುಸಿರಲ್ಲಿ ಒಂದೇ ಮಾತು ಹೇಳಿ
ತಿರುಗಿ ಓಡಿದ: "ಹನ್ನೆರಡು!"

ಸರೋವರದ ಅಂಚಿಂದ ಜೊಂಡು ತಂದು ಒಣಗಿಸಿದ್ದೆ.
ಅಟ್ಟದಿಂದ ಇಳಿಸಿ, ನೀರು ಚಿಮುಕಿಸಿ,
ಉದ್ದದ್ದೊಂದು ಚಾಪೆ ಹೆಣೆಯಲು ಕೂತೆ.