ರಟ್ಟು

ಚಿಂತಾಮಣಿಯ ನಮ್ಮ ಗುಜರಿಗೆ
ರಟ್ಟು ಬರುವುದು ಹೆಸರು ಸಮೇತ.
ಪಿಳ್ಳಮ್ಮ ಮಡಚುತ್ತಾ
ಇಂಗ್ಲಿಷ್ ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾಳೆ:
ಡ್ರಿಲ್ ಮೇಷ್ಟ್ರಿಗೆ ತಲೆಗೂದಲ ಬಣ್ಣ,
ಟೈಲರ್ ಪದ್ಮಾವತಿಗೆ ಮತ್ತೆ ಚಪ್ಪಲಿ,
ಹೋದ ಕಾರ್ತೀಕದಲ್ಲಿ ತೀರಿಕೊಂಡ ಶಾಮಣ್ಣನಿಗೆ
ಈಗಲೂ ಬರುತ್ತಿದೆ ಏನೋ ಒಂದು.

ಕಿಲೋಗೆ ಎಂಟು ರೂಪಾಯಿ.
ಹೆಸರಿನ ತೂಕ ನಾನು ಕಳೆಯುವುದಿಲ್ಲ.

ಮೊನ್ನೆ ಅವಳೂ ತರಿಸಿದಳು, ಮಗನ ಫೋನಿನಲ್ಲಿ,
ಟೀ ಸೋಸುವ ಜಾಲರಿ, ಅರವತ್ತೊಂಬತ್ತಕ್ಕೆ.
ಶ್ರೀಮತಿ ಪಿಳ್ಳಮ್ಮ, ಗುಜರಿ ಅಂಗಡಿ ಪಕ್ಕ.
ಒಂದಕ್ಷರ ಕಡಿಮೆ ಬಿದ್ದಿತ್ತು, ಇರಲಿ.
ಹರಿಯದ ಹಾಗೆ ಉಗುರಲ್ಲಿ ಎಬ್ಬಿಸಿ
ಟ್ರಂಕಿನ ಮುಚ್ಚಳದ ಒಳಗೆ ಅಂಟಿಸಿಕೊಂಡಳು.
ಜಾಲರಿ ಇನ್ನೂ ಕವರಿನಲ್ಲೇ ಇದೆ,
ಟೀ ಸೋಸುವುದು ಹಳೇ ಬಟ್ಟೆಯಲ್ಲೇ.

ಹೆಸರು ಕಿತ್ತ ಡಬ್ಬಿಯನ್ನು
ನನ್ನ ತಕ್ಕಡಿಗೆ ತಂದಿಟ್ಟಳು:
"ಸರಿಯಾಗಿ ತೂಗು."
ನೂರಿಪ್ಪತ್ತು ಗ್ರಾಂ.
ಒಂದು ರೂಪಾಯಿ ಕೊಟ್ಟೆ.
ಇಸಕೊಂಡಳು.