ಗಾಜಿನ ತಳದ ಬಕೆಟ್

ಫ್ಯಾರ್ನ ಅಂದರೆ ಆ ಗುಡ್ಡಗಾಡಿನ ಹಳೆಯ ಮಾತಿನಲ್ಲಿ
ಆಲ್ಡರ್ ಮರ. ನೀರಿಗೆ ಮರದ ಹೆಸರಿಟ್ಟ ಜನ.
ಉದ್ದ ಹನ್ನೊಂದು ಮೈಲಿ.
ಸ್ಕಾಟ್ಲೆಂಡಿನ ನಕ್ಷೆಯಲ್ಲಿ ಸರಿಯಾಗಿ ಮಡಿಕೆ ಬೀಳುವಲ್ಲೇ
ಇದೆ, ಅರ್ಧ ಸವೆದಿದೆ.

ನದಿಮೂಲ ಕೇಳಬಾರದಂತೆ. ಕೇಳಿದರೂ
ಇದಕ್ಕೆ ಮುಚ್ಚಿಡಲು ಏನಿಲ್ಲ:
ಎರಡು ಬೋಳುಗುಡ್ಡಗಳ ನಡುವೆ ಜೌಗು,
ಪಾಚಿಯ ಮೇಲೆ ಪಾಚಿ ಕೊಳೆತು ಕಪ್ಪಾದ ನೆಲ,
ಕಾಲಿಟ್ಟರೆ ಹೀರುತ್ತದೆ, ಎತ್ತಿದರೆ
ಪಿಚಕ್ಕನೆ ಉಗುಳುತ್ತದೆ.
ಆ ಉಗುಳೇ ಹೊಳೆ.
ಬಣ್ಣ, ಹಾಲು ಬೆರೆಸದ ಚಹಾ.

ಮಾಡದ ಚಾಕರಿಯಿಲ್ಲ.
ಅಗಸೆಯ ನಾರು ನಾರುವವರೆಗೆ ಇದರಲ್ಲೇ ನೆನೆಸಿದರು;
ಮೀನು ಹೊಟ್ಟೆ ಮೇಲಾಗಿ ತೇಲಿಬಂದ ವರ್ಷಗಳುಂಟು.
ನೇಯ್ದದ್ದನ್ನು ದಡದ ಹುಲ್ಲಿಗೆ ಹರವಿ
ನೀರು ಚಿಮುಕಿಸಿ ಚಿಮುಕಿಸಿ ಬಿಸಿಲಿಗೆ ಬಿಳಿಮಾಡಿದರು
(ಆ ಸೀಮೆಯಲ್ಲಿ ಬಿಸಿಲು!).
ಪೈನ್ ದಿಮ್ಮಿ ಹೊತ್ತಿತು, ಓಟ್ಸ್ ಬೀಸಿತು,
ಮಂಜು ಕವಿದ ದಿನ ನೋಡಿ ಹೂಡಿದ ಕಳ್ಳಭಟ್ಟಿಗೆ
ತಣ್ಣೀರು ಕೊಟ್ಟಿತು, ಸುಂಕದವನಿಗೆ ಹೇಳಲಿಲ್ಲ.
ದನದ ವ್ಯಾಪಾರಿಗಳು ಮುನ್ನೂರು ಕೊಂಬು ಒಟ್ಟಿಗೆ ದಾಟಿಸಿದ ಕಡವು
ಈಗಲೂ ಅಷ್ಟೇ ಅಗಲ;
ಒಂದು ಬಕ ನಿಂತಿದೆ, ತೆರಿಗೆ ವಸೂಲಿಗೆ.
ಗಿರಣಿಯ ಗಾಲಿ ಹೋಯಿತು, ಗಾಲಿಯ ಗುಂಡಿ ಉಳಿಯಿತು.
ಅದರಲ್ಲಿ ನೀರುನಾಯಿಯ ಸಂಸಾರ.

ಬಿಳಿಯೆದೆಯ ಮುಳುಗುಹಕ್ಕಿ ಕಲ್ಲಿನ ಮೇಲೆ
ಮಂಡಿ ಬಗ್ಗಿಸಿ, ಬಗ್ಗಿಸಿ,
ಆಮೇಲೆ ನೀರೊಳಗೆ ನಡೆದೇ ಹೋಗುತ್ತದೆ
ಏನೋ ಮರೆತು ಬಂದವರ ಹಾಗೆ.

ಗ್ರಿಝೆಲ್ ಮೆಕ್‌ಫೀ ಎದೆಮಟ್ಟ ರಬ್ಬರ್ ತೊಟ್ಟು
ಮೇ ತಿಂಗಳ ಚಳಿಯಲ್ಲಿ ಬಗ್ಗಿ ನಿಂತಿದ್ದಾಳೆ.
ಸರ್ಕಾರದ ಕೆಲಸ: ಮುತ್ತಿನ ಚಿಪ್ಪುಗಳ ಗಣತಿ.
ಕೈಯಲ್ಲಿ ತಾತನ ಬಕೆಟ್, ತಳ ಕೊಯ್ದು
ಗಾಜು ಕೂರಿಸಿ ಟಾರು ಮೆತ್ತಿದ್ದು.
ನೀರ ಮೇಲಿಟ್ಟು ಮುಖ ಹುದುಗಿಸಿದರೆ
ಅಲೆಯ ಗಲಿಬಿಲಿ ನಿಂತು
ತಳದ ಒಂದೊಂದು ಕಲ್ಲೂ ಒಂದೊಂದಾಗುತ್ತದೆ.

ಸ್ವಾತಿಯ ಹನಿ ಬಿದ್ದರೆ ಮುತ್ತು, ಅದು ನಮ್ಮ ಕಡೆಯ ಮಾತು.
ಇಲ್ಲಿಯ ಮಳೆಗೆ ನಕ್ಷತ್ರವಿಲ್ಲ, ಬಿಡುವೂ ಇಲ್ಲ.
ಚಿಪ್ಪಿನ ಮರಿ ಮೊದಲ ಚಳಿಗಾಲ
ಟ್ರೌಟ್ ಮೀನಿನ ಕಿವಿರು ಕಚ್ಚಿ, ಬಾಡಿಗೆಯಿಲ್ಲದೆ ಕಳೆದು
ವಸಂತಕ್ಕೆ ಉದುರುತ್ತದೆ. ಬಿದ್ದಲ್ಲೇ ನೂರು ವರ್ಷ.
ಮುತ್ತು ಇದ್ದೀತು, ಸಾವಿರದಲ್ಲಿ ಒಂದಕ್ಕೆ.

ತಾತ ಟಾರ್ಕಿಲ್ ಅಲೆಮಾರಿ, ಡೇರೆಯವ.
ತುದಿ ಸೀಳಿದ ಕೋಲು, ಹಲ್ಲಿಲ್ಲದ ನಗು.
"ಸೊಟ್ಟ ಚಿಪ್ಪು ನೋಡಿ ತೆಗಿ ಮಗಳೇ.
ನೆಟ್ಟಗಿರುವವರ ಹೊಟ್ಟೆಯಲ್ಲಿ ಏನೂ ಇರಲ್ಲ."
ಉಳಿದವನ್ನು ಮುಟ್ಟುತ್ತಿರಲಿಲ್ಲವಂತೆ.
ಮನೆಯಲ್ಲಿ ಎಲ್ಲರೂ ಹಾಗೇ ಹೇಳುತ್ತಾರೆ.

ಆಲ್ಡರ್ ಬೇರಿನಡಿ, ದಡ ಕುಸಿದಲ್ಲಿ,
ಚಿಪ್ಪಿನ ರಾಶಿ. ಬಾಯಿ ತೆರೆದದ್ದು.
ಸೊಟ್ಟದ್ದು, ನೆಟ್ಟಗಿನದು, ಅಂಗೈಗಿಂತ ಸಣ್ಣದು.
ನಾನೂರ ಹನ್ನೆರಡರವರೆಗೆ ಎಣಿಸಿದಳು. ರಾಶಿ ಮುಗಿದಿರಲಿಲ್ಲ.
ಆ ಒಣ ಬೇಸಿಗೆ ಕುದುರೆ ಸತ್ತಿತ್ತು, ಅದು ಅವಳಿಗೆ ಗೊತ್ತು.
ಸಂಜೆಯೊಳಗೆ ಡೇರೆ ಕೀಳು ಅಂದಿದ್ದ ಪೊಲೀಸ್.
ಏಳು ಮುತ್ತು ಸಿಕ್ಕಿದವೆಂದೂ
ಅಕ್ಕಸಾಲಿ ಅರ್ಧ ಕುದುರೆಯ ದುಡ್ಡು ಕೊಟ್ಟನೆಂದೂ
ಮನೆಯಲ್ಲಿ ನಗುತ್ತಲೇ ಹೇಳುತ್ತಿದ್ದ ಕತೆ.

ಸರ್ಕಾರಿ ಹಾಳೆಯಲ್ಲಿ ಎರಡೇ ಕಂಬಸಾಲು,
ಬದುಕಿದ್ದು, ಸತ್ತದ್ದು.
ಪೆನ್ಸಿಲ್ ಕಚ್ಚಿಕೊಂಡು ಬಹಳ ಹೊತ್ತು ನಿಂತಳು.
ಬೂಟಿನೊಳಗೆ ಎಲ್ಲಿಂದಲೋ ನೀರು ಇಳಿಯುತ್ತಿತ್ತು.

ಆಮೇಲೆ ಮತ್ತೆ ಬಕೆಟ್ಟಿಗೆ ಮುಖ.
ಕಲ್ಲಿನ ಸಂದಿಯಲ್ಲಿ ಒಂದು, ಕಪ್ಪು, ಉಂಗುರ ಕಟ್ಟಿದ್ದು,
ಅವಳ ಅಪ್ಪನಿಗಿಂತ ಹಿರಿಯದು.
ಇದೇ ಗಾಜಿನೊಳಗಿಂದ ಇನ್ನೊಂದು ಕಣ್ಣು
ಇದರ ಮೇಲೆ ಹಾದುಹೋಗಿರಬೇಕು, ಕಾಣದೆ,
ಅಥವಾ ಕಂಡು.

ನೆರಳು ಬಿದ್ದದ್ದೇ ತುಟಿ ಮುಚ್ಚಿತು.
ಬದುಕಿದ್ದು: ಒಂದು, ಅಂತ ಬರೆದಳು.