ಹೆಪ್ಪು

ವೆರ್ನಾ ಆಸ್ಪತ್ರೆಗೆ ಹೊರಡುವಾಗ ಕೈಗಿತ್ತದ್ದು
ಕೊಟ್ಟಿಗೆಯ ಕೀಲಿ, ಇಪ್ಪತ್ಮೂರು ಕುರಿಗಳ ಹೆಸರು,
ಮತ್ತೆ ಒಂದೇ ಒಂದು ಮಾತು:
'ನೀರು ಹಿಡಿದಾದ ಮೇಲೆ ಪೈಪು ಬಿಚ್ಚು.'

ಬಿಚ್ಚಿದೆ, ಮೂರು ದಿನ.
ನಾಲ್ಕನೆಯ ಸಂಜೆ ಬೆರಳು ಮರಗಟ್ಟಿದ್ದವು,
ಮಕ್ಕಳ ಉತ್ತರಪತ್ರಿಕೆ ತಿದ್ದುವುದಿತ್ತು,
ನಾಳೆ ಹೇಗೂ ಮತ್ತೆ ಸಿಕ್ಕಿಸಬೇಕಲ್ಲ ಅಂದುಕೊಂಡೆ.

ಆ ರಾತ್ರಿ ವಿಸ್ಕಾನ್ಸಿನ್ನಿನಲ್ಲಿ
ಸೊನ್ನೆಗಿಂತ ಇಪ್ಪತ್ತಾರು ಮೆಟ್ಟಿಲು ಕೆಳಗಿಳಿಯಿತು ಪಾದರಸ.

ಬೆಳಿಗ್ಗೆ ಅಂಗಳದಲ್ಲಿ ಹೈಡ್ರಂಟು
ಮಂಡಿಯುದ್ದ ಹಿಮದಲ್ಲಿ ನಿಂತಿದೆ.
ಕೆಂಪು ಹಿಡಿ ಎತ್ತಿದರೆ ಏಳದು.
ಮೂತಿಗೆ ಕಚ್ಚಿದ ಪೈಪು
ನೆಲ ಮುಟ್ಟದೆ ಕೋಲಿನಂತೆ ಸೆಟೆದಿದೆ.

ನಮ್ಮ ಭಾಷೆಯಲ್ಲಿ ಹಾಲಿಗೂ ನೀರಿಗೂ ಒಂದೇ ಮಾತು, ಹೆಪ್ಪು.
ಹಾಲಿಗಾದರೆ ಒಂದು ಚಮಚ ನಿನ್ನೆಯ ಮೊಸರು ಬೇಕು,
ಬೆಚ್ಚಗಿನ ಮೂಲೆ ಬೇಕು, ಅಲುಗಿಸಬಾರದು.
ಇಲ್ಲಿಯ ನೀರಿಗೆ
ನನ್ನ ಒಂದು ಚಮಚ ಸೋಮಾರಿತನ ಸಾಕಾಯಿತು.

ಕುರಿಗಳು ಬೇಲಿಗೆ ಬಂದು ನಿಂತವು.
ಕುರಿ ಬೈಯುವುದಿಲ್ಲ.
ಡಾಗ್ನಿ ಎಂಬ ಮುದುಕಿ ತೊಟ್ಟಿಯ ಗಡ್ಡೆಯನ್ನು ನೆಕ್ಕಿ
ನನ್ನನ್ನು ನೋಡಿತು, ಮತ್ತೆ ನೆಕ್ಕಿತು.

ಫೋನಿನಲ್ಲಿ ವೆರ್ನಾ. ಹೊಸ ಸೊಂಟದ ಕೀಲು, ಔಷಧಿಯ ತೊದಲು:
'ಹಿಡಿಯ ಜೊತೆ ಗುದ್ದಾಡಬೇಡ.
ತೊಂಬತ್ತೊಂದರಲ್ಲಿ ಆರ್ವಿಡ್ ಗುದ್ದಾಡಿದ.
ಒಳಗಿನ ಸರಳು ಮುರಿದು ಆರಡಿ ನೆಲ ಅಗೆದ,
ಪಿಕಾಸಿ ಬಿದ್ದಲ್ಲೆಲ್ಲ ಕಿಡಿ.
ದಾರಿಹೋಕರು ಟ್ರಕ್ಕು ನಿಲ್ಲಿಸಿ ಕೇಳಿದರು, ಯಾರು ಸತ್ತರು ಅಂತ.'
ಆಮೇಲೆ ಸ್ವಲ್ಪ ತಡೆದು,
'ಹಳೆ ಟವೆಲ್ಲು ಎಡಗಡೆಯ ಕಪಾಟಿನಲ್ಲಿವೆ.
ಅವನ ನೀಲಿ ಅಂಗಿಯೂ. ಸುತ್ತು, ಪರವಾಗಿಲ್ಲ.'

ಟವೆಲ್ಲು ಸುತ್ತಿದೆ. ಅಂಗಿ ಸುತ್ತಿದೆ,
ತೋಳುಗಳನ್ನು ಗಂಟು ಹಾಕಿದೆ.
ಅಡುಗೆಮನೆಯಿಂದ ಕೆಟಲು, ಅಡುಗೆಮನೆಗೆ ಕೆಟಲು.
ಬಾಣಂತಿಗೆ ನೀರೆರೆಯುವವಳ ಹಾಗೆ
ನೆತ್ತಿಯಿಂದ ಕೆಳಕ್ಕೆ, ಧಾರೆ ಕಡಿಯದೆ.
ಎರೆದದ್ದರಲ್ಲಿ ಅರ್ಧ ಹಬೆಯಾಗಿ ಹಾರಿತು,
ಅರ್ಧ ನನ್ನ ಬೂಟಿನ ಸುತ್ತ ಗಾಜಾಯಿತು.

ಚಳ್ಳಕೆರೆಯ ನಮ್ಮ ಬೀದಿಯ ಕೈಪಂಪಿಗೂ ಹೀಗೇ,
ಮೊದಲು ಒಂದು ಚೊಂಬು ಕುಡಿಸಬೇಕಿತ್ತು.
ಕುಡಿಸಿದರೆ ಕೆಮ್ಮಿ, ಕೊಸರಿ, ಕೊನೆಗೆ ಕೊಡುತ್ತಿತ್ತು.
ಆ ಚೊಂಬು ನೀರಿಗೆಂದೇ ಈರಕ್ಕನ ಬಾಗಿಲು ತಟ್ಟುತ್ತಿದ್ದೆವು.
ನೀರಿಗೆ ನೀರೇ ಲಂಚ.

ಒಂಬತ್ತನೆಯ ಕೆಟಲಿಗೆ
ಪೈಪು ಮೂತಿ ಬಿಟ್ಟಿತು. ಹನ್ನೊಂದನೆಯದಕ್ಕೆ
ಒಳಗೆಲ್ಲೋ ಯಾರೋ ಗಂಟಲು ಸರಿಮಾಡಿಕೊಂಡ ಸದ್ದು.
ಹಿಡಿ ಎತ್ತಿದೆ, ಎರಡೇ ಬೆರಳಲ್ಲಿ.
ಗಾಳಿ, ತುಕ್ಕು, ಐಸಿನ ಒಂದು ಬಿಲ್ಲೆ,
ಆಮೇಲೆ ನೀರು.
ಜನವರಿ ಬಂದದ್ದೇ ಗೊತ್ತಿಲ್ಲದ ಆಳದ ನೀರು,
ಕೈಗೆ ಬೆಚ್ಚಗೆ ಅನ್ನಿಸುವಷ್ಟು.

ಕುರಿಗಳು ಕುಡಿದವು. ಯಾರೂ ಥ್ಯಾಂಕ್ಸ್ ಹೇಳಲಿಲ್ಲ.

ಮುಚ್ಚಿದ ಮೇಲೆ, ವೆರ್ನಾ ಹೇಳಿದಂತೆ,
ಗವಸು ಕಳಚಿ ಹೆಬ್ಬೆರಳನ್ನು ಮೂತಿಗಿಟ್ಟೆ.
ಒಳಗುಳಿದ ನೀರು ತಳದ ಜಲ್ಲಿಗೆ ಇಳಿಯುತ್ತ
ಬೆರಳನ್ನು ಮೆಲ್ಲಗೆ ಒಳಗೆಳೆಯಿತು,
ನಿನ್ನೆ ಹುಟ್ಟಿದ ಮರಿ ಚೀಪುವ ಹಾಗೆ.
ಎಳೆಯುತ್ತಿದ್ದರೆ ಬರಿದಾಗುತ್ತಿದೆ ಎಂದರ್ಥ.
ಬರಿದಾದ ಮೇಲೂ ಸ್ವಲ್ಪ ಹೊತ್ತು ಕೈ ತೆಗೆಯಲಿಲ್ಲ.

ಸಂಜೆ ಮತ್ತೆ ಫೋನು. ಕುರಿಗಳನ್ನು ಕೇಳಲಿಲ್ಲ.
'ಅಂಗಿ?' ಎಂದಳು.
ಟಾರ್ಚು ಹಿಡಿದು ಹೋದೆ. ಕಂಬವನ್ನು ತಬ್ಬಿ ಗಟ್ಟಿಯಾಗಿತ್ತು,
ಗುಂಡಿ ಸಮೇತ. ತೋಳಿನ ಗಂಟು ನನ್ನ ಕೈಗೆ ಬಗ್ಗಲಿಲ್ಲ.
'ಮಾರ್ಚಿನ ತನಕ ಇರಲಿ ಬಿಡು,' ಎಂದು
ನಕ್ಕಳೋ, ಕೆಮ್ಮಿದಳೋ.

ಪೈಪು ಈಗ ನನ್ನ ಬಾತ್‌ಟಬ್ಬಿನಲ್ಲಿ
ಸುರುಳಿ ಸುತ್ತಿ ಮಲಗಿ
ತೊಟ್ಟು ತೊಟ್ಟಾಗಿ ಬಾಯಿ ಬಿಡುತ್ತಿದೆ.
ಇವತ್ತು ಸ್ನಾನವಿಲ್ಲ.